ಅಮಾವಾಸ್ಯೆಯಂದೂ ಓಡಿದ ಮೀಟರು

ನನ್ನ ಮೊಮ್ಮಗಳು ಕೊಯಮತ್ತೂರಿನ ಕಾಲೇಜಿನಲ್ಲಿ ಕರೆಂಟಿನ ಇಂಜಿನಿಯರಿಂಗ್ ಓದುತ್ತಾಳೆ. ಇಷ್ಟು ಬರೆಯುವಷ್ಟರಲ್ಲಿ ನನಗೆ ಹಿಗ್ಗು ತಡೆಯಲಾಗದೆ ಎದ್ದು ಹೋಗಿ ನೀರು ಕುಡಿದು ಬಂದೆ. ಹೂವಿನವಳಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದ್ದೇನೆ, ಕಿವಿ ನೋಡುವ ಡಾಕ್ಟರಿಗೂ ಹೇಳಿದ್ದೇನೆ. ಅವರು ಕಿವಿ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು. ನಗಲಿ. ಈ ಹಿಗ್ಗನ್ನು ಯಾರಿಗೆ ಮೊದಲು ಹೇಳಬೇಕಿತ್ತೋ ಆ ಮನುಷ್ಯ ಇಲ್ಲ. ಹಾಗಾಗಿ ಸಿಕ್ಕವರಿಗೆಲ್ಲ ಹೇಳುತ್ತಾ ತಿರುಗುತ್ತೇನೆ. ಆದರೆ ಬರೆಯಲು ಕೂತರೆ ಹಿಗ್ಗಿಗಿಂತ ಮೊದಲು ಕಹಿಯೇ ಬಾಯಿಗೆ ಬರುತ್ತದೆ.

ನಾನು ಕೊಳ್ಳೇಗಾಲದ ಕಡೆಯ ನೇಕಾರರ ಮನೆಯವಳು. ಅಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದೆ. ಮದುವೆಯಾಗಿ ಪಲ್ಲಡಂ ಕಡೆಯ ಈ ಊರಿಗೆ ಬಂದೆ. ಇಲ್ಲಿ ನಮ್ಮವರ ಮನೆಗಳಲ್ಲಿ ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಗೊತ್ತಿರುವವಳು ಈ ಮನೆಯಲ್ಲಿ ನಾನೊಬ್ಬಳೇ. ಅದರಿಂದ ಒಂದು ಅನುಕೂಲವುಂಟು: ನಾನು ಏನು ಬರೆದರೂ ನಮ್ಮ ಭಾವನವರು ಓದಲಾರರು.

ಭಾವನವರು ಎಂದರೆ ನಮ್ಮ ಯಜಮಾನರ ಅಣ್ಣ. ಅಣ್ಣತಮ್ಮಂದಿರು ಮೂವರು, ನಮ್ಮವರು ನಡುವಿನವರು. ನಾನು ಬಂದಾಗ ಎಲ್ಲರೂ ಒಟ್ಟಿಗಿದ್ದರು. ಸಾಲು ಸಾಲು ಶೆಡ್ಡುಗಳಲ್ಲಿ ವಿದ್ಯುತ್ ಮಗ್ಗಗಳು. ಆಚೆ ಬದಿಗೆ ನೂಲಿಗೆ ಗಂಜಿ ಕೊಡುವ ದೊಡ್ಡ ಯಂತ್ರದ ಮನೆ. ಅಷ್ಟು ಯಂತ್ರಗಳಿಗೆ ಬೀದಿಯ ಕರೆಂಟು ಸಾಲದೆಂದು ಭಾವ ನಮಗೇ ಒಂದು ಟ್ರಾನ್ಸ್‌ಫಾರ್ಮರ್ ಹಾಕಿಸಿದರು. ದೂರದಿಂದ ಬರುವ ಕರೆಂಟು ತುಂಬ ರಭಸದ್ದು, ಅದನ್ನು ನೇರ ಮಗ್ಗಕ್ಕೆ ಕೊಡಲಾಗದು. ಆ ರಭಸ ಇಳಿಸಿ ಮಗ್ಗಕ್ಕೆ ತಕ್ಕಂತೆ ಕೊಡುವ, ಎಣ್ಣೆ ತುಂಬಿದ ಕಬ್ಬಿಣದ ಪೆಟ್ಟಿಗೆ ಅದು. ಲಾರಿಯಿಂದ ಅದನ್ನು ಇಳಿಸಿದ ದಿನ ಮಾವಿನೆಲೆ ಕಟ್ಟಿ, ಕಾಯಿ ಒಡೆದು, ಭಾವ ಗಂಡಿನ ತಂದೆಯ ಹಾಗೆ ನಿಂತಿದ್ದರು. ಇದಕ್ಕಿಂತ ಚಿಕ್ಕದೇ ಸಾಕಿತ್ತು ಎಂದು ವೈರಿಂಗಿನವನು ಅಂದದ್ದಕ್ಕೆ, "ಬೆಳೆಯೋ ಹುಡುಗನಿಗೆ ಅಂಗಿ ದೊಡ್ಡದೇ ಹೊಲಿಸಬೇಕಪ್ಪ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಪಾಲಾಯಿತು. ಶೆಡ್ಡು, ಮಗ್ಗ, ಮನೆ, ಪಾತ್ರೆ, ಅತ್ತೆಯ ಬಳೆ, ಎಲ್ಲವೂ ಮೂರಾದವು. ಟ್ರಾನ್ಸ್‌ಫಾರ್ಮರನ್ನು ಮೂರು ಮಾಡಲು ಬರುವುದಿಲ್ಲವಲ್ಲ, ಅದು ಒಂದಾಗಿಯೇ ಉಳಿಯಿತು. ಕರೆಂಟ್ ಆಫೀಸಿನವರ ದೊಡ್ಡ ಮೀಟರು ಬೇಲಿಯ ಹತ್ತಿರ, ಟ್ರಾನ್ಸ್‌ಫಾರ್ಮರಿಗೆ ಮುಂಚೆ ಇತ್ತು. ಪಾಲಾದ ಮೇಲೆ ಒಬ್ಬೊಬ್ಬರ ಶೆಡ್ಡಿಗೆ ಒಂದೊಂದು ಚಿಕ್ಕ ಮೀಟರು ಹಾಕಿಸಿದರು. ತಿಂಗಳ ಮೊದಲ ದಿನ ಭಾವ ಕನ್ನಡಕ ಹಾಕಿಕೊಂಡು ನಾಲ್ಕನ್ನೂ ನೋಡಿ ಬರುವುದು. ಮೂರು ಚಿಕ್ಕದನ್ನು ಕೂಡಿದರೆ ದೊಡ್ಡದರ ಲೆಕ್ಕ ಬರಬೇಕು. ಬರಲಿಲ್ಲ. ಮೊದಲ ತಿಂಗಳು ಬರಲಿಲ್ಲ, ಎರಡನೆಯ ತಿಂಗಳೂ ಬರಲಿಲ್ಲ. ಯಾವತ್ತೂ ದೊಡ್ಡ ಮೀಟರೇ ಹೆಚ್ಚು ತೋರಿಸುತ್ತಿತ್ತು.

ಒಂದು ದಿನ ಭಾವ ನಮ್ಮ ಅಂಗಳಕ್ಕೆ ಬಂದು ನಿಂತರು. ಕೂತುಕೊಳ್ಳಲಿಲ್ಲ.

"ಮೂರು ಮಕ್ಕಳು ತಿಂದದ್ದು ಕೂಡಿದ್ರೆ ಅಮ್ಮ ಬೇಯಿಸಿದ್ದಕ್ಕೆ ಸರಿಹೋಗ್ಬೇಕು," ಎಂದರು. "ಹೋಗಲಿಲ್ಲ ಅಂದ್ರೆ ಒಬ್ಬ ಒಲೆ ಮರೇಲಿ ತಿಂತಾ ಇದ್ದಾನೆ."

"ಯಾರಣ್ಣ?" ಎಂದರು ನಮ್ಮವರು.

"ಕೇಬಲ್ ಯಾರ ಗೋಡೆ ಹಿಂದೆ ಹೋಗ್ತದೋ ಅವನು."

ಕೇಬಲ್ಲು ನಮ್ಮ ಶೆಡ್ಡಿನ ಗೋಡೆಯ ಹಿಂದೆಯೇ ಹೋಗುತ್ತಿತ್ತು. ಸಾಲದ್ದಕ್ಕೆ ನಮ್ಮವರಿಗೆ ಮೋಟಾರು ಬಿಚ್ಚಿ ಜೋಡಿಸುವ ಕೆಲಸ ತಿಳಿದಿತ್ತು. ಮೂವರ ಶೆಡ್ಡಿನಲ್ಲೂ ಮಗ್ಗ ನಿಂತರೆ ಅವರನ್ನೇ ಕರೆಯುತ್ತಿದ್ದರು. ಬೇಕಾದಾಗ ಕೈಗುಣ ಅಂದದ್ದು ಆಗ ಕೈಚಳಕವಾಯಿತು. ನಮ್ಮವರು ಸಿಟ್ಟಾಗಲಿಲ್ಲ. "ಗೋಡೆ ಒಡೆದು ನೋಡಿ ಅಣ್ಣ" ಎಂದರು. ಮಾತಿಗೆ ಅಂದದ್ದು. ಭಾವ ಮಾರನೆಯ ದಿನ ಆಳು ಕಳಿಸಿದರು. ಗಾರೆ ಕೆತ್ತಿದರು, ಇಟ್ಟಿಗೆ ತೆಗೆದರು, ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೇ ತಪ್ಪಾಯಿತು. "ಜಾಣ, ಬಿಚ್ಚಿ ಇಟ್ಟಿದ್ದಾನೆ" ಎಂದರು.

ನಮ್ಮ ಕಡೆ ಕಳವು ಎನ್ನುವ ಮಾತಿದೆ. ಭಾವ ಆ ಮಾತು ಬಳಸಲಿಲ್ಲ. ಬೀದಿಗೂ ಅರ್ಥವಾಗಲಿ ಎಂದು ತಮಿಳಿನಲ್ಲಿ ತಿರುಟು ಎಂದರು.

ಕೊನೆಗೆ ಚೌಡೇಶ್ವರಿ ಅಮ್ಮನ ಗುಡಿಯಲ್ಲಿ ಸತ್ಯ ಮಾಡಿಸಿದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ "ನಾನು ಮಾಡಿಲ್ಲ" ಎನ್ನಬೇಕು. ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ದಾಯಾದಿಗಳೆಲ್ಲ ಸೇರಿದ್ದರು. ನಮ್ಮವರು ಆರಿಸಿದರು. ಅಂಗೈಯಲ್ಲಿ ಬೊಬ್ಬೆ ಬಂದು, ನಾನು ಬೆಣ್ಣೆ ಹಚ್ಚುತ್ತಾ ಕೂತಿದ್ದೆ. "ಇನ್ನು ಮುಗೀತು ಬಿಡು" ಎಂದರು. ಮುಂದಿನ ತಿಂಗಳು ಮತ್ತೆ ದೊಡ್ಡ ಮೀಟರು ಹೆಚ್ಚು ತೋರಿಸಿತು. ಭಾವ ಹೇಳಿದ್ದು ಇಷ್ಟೇ: "ಕೈ ಸುಟ್ಕೊಂಡ್ರೆ ಮೀಟರ್ ಸುಮ್ಮನಾಗ್ತದಾ?"

ಅಮ್ಮನ ಮೇಲೆ ಇಲ್ಲದ ನಂಬಿಕೆ ಅವರಿಗೆ ಮೀಟರಿನ ಮೇಲೆ ಇತ್ತು. ಮೀಟರು ಸುಳ್ಳು ಹೇಳಿರಲಿಲ್ಲ, ಅದು ಬೇರೆ ಮಾತು.

ಆಮೇಲೆ ಕೆಲಸ ಇಳಿಯಿತು. ಗಂಜಿಯ ಯಂತ್ರದ ಮನೆ ಮುಚ್ಚಿತು. ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ಹಲ್ಲು ಬಿದ್ದ ಬಾಯಿಯ ಹಾಗೆ ಶೆಡ್ಡುಗಳಲ್ಲಿ ನಡುನಡುವೆ ಖಾಲಿ ಜಾಗ. ಮೂವರ ಚಿಕ್ಕ ಮೀಟರುಗಳೂ ಇಳಿದವು. ಆದರೆ ನಡುವಿನ ಆ ವ್ಯತ್ಯಾಸ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇತ್ತು. "ಕೆಲಸ ಅರ್ಧ ಆಯ್ತು, ತಿರುಟು ಅರ್ಧ ಆಗಲಿಲ್ಲ ನೋಡು" ಎಂದು ಭಾವ ಎಲ್ಲರಿಗೂ ತೋರಿಸುತ್ತಿದ್ದರು. ಅವರಿಗೆ ಅದೇ ಸಾಕ್ಷಿ. ಕೆಲಸ ಇಳಿದರೂ ಇಳಿಯದ ಖರ್ಚು ಯಾವುದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನಾಲ್ಕನೇ ಕ್ಲಾಸಿನ ಬುದ್ಧಿ. ವೈರಿಂಗಿನವನು ಒಮ್ಮೆ "ಅದರಲ್ಲೂ ಸ್ವಲ್ಪ ನಷ್ಟ ಇರ್ತದೆ ಸಾಮಿ" ಎಂದಿದ್ದ. ಭಾವ ಬಿಡಲಿಲ್ಲ. "ಚಿಕ್ಕದು ಹಾಕಿದ್ರೆ ನಷ್ಟ. ನಾನು ಹಾಕಿರೋದು ದೊಡ್ಡದು. ಆನೆಗೆ ಮೂಟೆ ಹೊರೋಕೆ ಉಸಿರು ಕಟ್ತದಾ?"

ನಮ್ಮವರು ಹೋದಾಗ ಭಾವ ಬಂದರು. ಪದ್ಧತಿಯಂತೆ ತಮ್ಮನ ಬಾಯಿಗೆ ಅಕ್ಕಿ ಹಾಕಿದರು, ಅತ್ತರು, ನಿಜವಾಗಿಯೇ ಅತ್ತರು. ಹೊರಡುವಾಗ ನನ್ನ ಮಗನನ್ನು ಪಕ್ಕಕ್ಕೆ ಕರೆದು, "ಇನ್ನಾದ್ರೂ ಮೀಟರ್ ಸರಿಹೋಗ್ತದಾ ನೋಡೋಣ" ಎಂದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸತ್ತವರು ಕರೆಂಟು ಕದಿಯುವುದಿಲ್ಲ ಎಂದು ಮುಂದಿನ ತಿಂಗಳಾದರೂ ಅವರಿಗೆ ತಿಳಿಯುತ್ತದೆ ಅಂದುಕೊಂಡೆ. ತಿಳಿಯಲಿಲ್ಲ. ವ್ಯತ್ಯಾಸ ಅಷ್ಟೇ ಇತ್ತು. ಕಳ್ಳ ಎಂಬ ಹೆಸರು ಶೆಡ್ಡಿನ ಜೊತೆಗೆ ಮಗನಿಗೆ ಬಂತು.

ಮೊಮ್ಮಗಳು ಈ ಮಗನ ಮಗಳು. ರಜೆ ಬಂದರೆ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಬಸ್ಸು ಹತ್ತಿ ಬರುತ್ತಾಳೆ. ಬಂದವಳೇ ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ. ಹೀಗೆ ಬಂದಿದ್ದಾಗ ತಿಂಗಳ ಮೊದಲ ದಿನವಾಗಿತ್ತು. ಭಾವ ಮೀಟರು ನೋಡಿ ಬಂದು ಎಂದಿನಂತೆ ಅಂಗಳದಲ್ಲಿ ನಿಂತು ಎಂದಿನ ಮಾತು ಆಡಿದರು. ಮಗ ಎಂದಿನಂತೆ ತಲೆ ತಗ್ಗಿಸಿದ. ಇವಳು ಇಡ್ಲಿ ತಿನ್ನುತ್ತಿದ್ದವಳು ತಟ್ಟೆ ಹಿಡಿದುಕೊಂಡೇ ಹೊರಗೆ ಹೋದಳು.

"ದೊಡ್ಡ ತಾತ, ಟ್ರಾನ್ಸ್‌ಫಾರ್ಮರ್ ತಿನ್ನೋದನ್ನ ಯಾರ ಪಾಲಿಗೆ ಹಾಕಿದ್ದೀರ?"

ಭಾವನಿಗೆ ಒಂದು ಕಿವಿ ಮಂದ. ಬೇಡದ ಮಾತಿಗೆ ಎರಡೂ ಮಂದ. ಆದರೂ ಇದು ಕೇಳಿಸಿತು.

"ಕಬ್ಬಿಣದ ಪೆಟ್ಟಿಗೆ ಏನ್ ತಿಂತದೆ ಕಣ್ಣು? ಎಣ್ಣೆ ಕುಡೀತದೆ, ಅಷ್ಟೇ." ಮುದ್ದು ಬಂದರೆ ತಮಿಳಿನವರ ಹಾಗೆ ಕಣ್ಣು ಎಂದು ಕರೆಯುತ್ತಾರೆ.

"ಕರೆಂಟೂ ತಿಂತದೆ."

"ಕಾಲೇಜಲ್ಲಿ ಇದನ್ನ ಹೇಳ್ಕೊಡೋಕಾ ಅಷ್ಟು ಫೀಸು?" ಎಂದು ನಕ್ಕು ಹೊರಟುಹೋದರು.

ಅವಳು ಒಳಗೆ ಬಂದು ನನ್ನ ಹತ್ತಿರ ಕೂತಳು. ನಾನು ಸಣ್ಣ ಈರುಳ್ಳಿ ಸುಲಿಯುತ್ತಿದ್ದೆ.

"ಅಜ್ಜಿ, ಹಾಸು ನೂಲು ನೇಯ್ದು ಮುಗಿದ ಮೇಲೆ ಕೊನೇಲಿ ಒಂದು ತುಂಡು ನೇಯೋಕಾಗದೆ ಉಳೀತದಲ್ಲ?"

"ಉಳೀತದೆ."

"ಅಗಲ ಬಟ್ಟೆ ನೇಯ್ದ್ರೂ, ಕಿರಿದು ನೇಯ್ದ್ರೂ?"

"ಯಾವುದಾದ್ರೂ ಉಳೀತದೆ. ಅದಿಲ್ಲದೆ ಮಗ್ಗ ಇಲ್ಲ."

"ಟ್ರಾನ್ಸ್‌ಫಾರ್ಮರಿಗೂ ಹಂಗೇ," ಎಂದಳು. ಅದು ಗುಂಯ್ ಎನ್ನುತ್ತದಲ್ಲ, ಒಳಗಿರುವ ಕಬ್ಬಿಣವನ್ನು ಕರೆಂಟು ಆ ಕಡೆಗೂ ಈ ಕಡೆಗೂ ಬಿಡದೆ ಎಳೆದಾಡಿಸುತ್ತದೆಯಂತೆ. ಆ ಎಳೆದಾಟಕ್ಕೆ ಹಿಡಿಯುವ ಕರೆಂಟು ಒಂದು ನಷ್ಟ. ಮಗ್ಗ ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಎಚ್ಚರವಾಗಿರುವುದಕ್ಕೇ ಅದು ಕೇಳುವ ಕೂಲಿ. ಪೆಟ್ಟಿಗೆ ದೊಡ್ಡದಾದಷ್ಟೂ ಆ ಕೂಲಿ ಜಾಸ್ತಿ. ಇನ್ನೊಂದು ನಷ್ಟ ತಾಮ್ರದ ತಂತಿ ಬಿಸಿಯಾಗುವುದರಿಂದ. ಅದು ಕೆಲಸದ ಜೊತೆ ಏರುತ್ತದೆ, ಇಳಿಯುತ್ತದೆ. ಕೆಲಸ ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟು.

ನನ್ನ ಕೈಯಲ್ಲಿದ್ದ ಈರುಳ್ಳಿ ಹಾಗೆಯೇ ನಿಂತಿತು. ನಾವು ಕೂಲಿಗೆ ನೇಯುವವರು. ಸಾಹುಕಾರ ನೂಲು ತೂಗಿ ಕೊಡುತ್ತಾನೆ, ಬಟ್ಟೆ ತೂಗಿ ತೆಗೆದುಕೊಳ್ಳುತ್ತಾನೆ. ಎರಡೂ ಸಮ ಬರುವುದಿಲ್ಲವೆಂದು ಅವನಿಗೂ ಗೊತ್ತು, ನೇಯುವಾಗ ಹಾಳಾಗುವ ನೂಲಿಗೆಂದು ಒಂದು ಹಿಡಿ ಕಸರು ಬಿಡುತ್ತಾನೆ. ಎಂಥ ಜಿಪುಣ ಸಾಹುಕಾರನೂ ಅದನ್ನು ಕಳವು ಎನ್ನುವುದಿಲ್ಲ. ನೂಲಿನ ಕಸರಿನ ಮೇಲೆ ತಲೆತಲಾಂತರದಿಂದ ಬದುಕಿದ ಮನೆಯಲ್ಲಿ, ಕರೆಂಟಿಗೂ ಒಂದು ಹಿಡಿ ಕಸರು ಬಿಡಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

"ಎಲ್ಲ ತರಿ ನಿಂತಿರೋ ದಿನ ಯಾರಾದ್ರೂ ದೊಡ್ಡ ಮೀಟರ್ ನೋಡಿದ್ದೀರ ಅಜ್ಜಿ?" ಎಂದಳು. ಮಗ್ಗವನ್ನು ಇವಳು ಬೀದಿಯವರ ಹಾಗೆ ತರಿ ಎನ್ನುತ್ತಾಳೆ.

"ಎಲ್ಲ ನಿಲ್ಲೋದು ಅಮಾವಾಸ್ಯೆಗೆ. ಅವತ್ತು ಆ ಕಡೆ ಯಾರೂ ಹೋಗಲ್ಲ."

ಅದು ನಮ್ಮ ನೇಮ. ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಭಾವ ಅದನ್ನು ಇನ್ನೂ ಬಿಗಿ ಮಾಡಿ, ಶೆಡ್ಡು, ಮೀಟರು, ಬೇಲಿ ಯಾವ ಕಡೆಗೂ ಕಾಲಿಡಬಾರದು ಎಂದು ಇಟ್ಟಿದ್ದರು. ಆಯುಧಪೂಜೆಗೆ ಟ್ರಾನ್ಸ್‌ಫಾರ್ಮರಿನ ಬೇಲಿಗೂ ಕುಂಕುಮ ಇಡುತ್ತಿದ್ದೆವು, ಆದರೆ ಅದರ ಮುಂದಿನ ತಂತಿ ಬಿಡಿಸಿ, ಕರೆಂಟು ನಿಲ್ಲಿಸಿ ಅದನ್ನು ಮಲಗಿಸುವಂತಿಲ್ಲ. ಮನೆಯ ದೀಪ ಅದು, ಆರಬಾರದು ಎನ್ನುತ್ತಿದ್ದರು. ಹೀಗೆ ಕಳ್ಳ ಕಣ್ಣಿಗೆ ಬೀಳಬಹುದಾದ ಒಂದೇ ದಿನ, ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ದಿನ, ನಾವೆಲ್ಲ ಭಕ್ತಿಯಿಂದ ಮುಖ ತಿರುಗಿಸಿಕೊಂಡು ಕೂತಿದ್ದೆವು.

ಮೊಮ್ಮಗಳು ನಗುತ್ತಿದ್ದಳು. ಅವಳ ವಯಸ್ಸಿಗೆ ಅದು ನಗುವ ವಿಷಯವೇ. ನನ್ನ ಮುಖ ನೋಡಿ, ಒಂದು ಈರುಳ್ಳಿ ಎತ್ತಿಕೊಂಡು ತಾನೂ ಸುಲಿಯತೊಡಗಿದಳು.

ಮುಂದಿನ ಅಮಾವಾಸ್ಯೆಗೆ ಮೀಟರು ನೋಡಲು ಭಾವನನ್ನು ಒಪ್ಪಿಸಿದ್ದು ನನ್ನ ಮೈದುನ, ಅಂದರೆ ಕೊನೆಯ ತಮ್ಮ. ಅವರಿಗೂ ತಿಂಗಳು ತಿಂಗಳು ಆ ಜಗಳ ಕೇಳಿ ಸಾಕಾಗಿತ್ತು.

"ಅಮಾವಾಸ್ಯೆಗೆ ಕೈ ಹಾಕಬಾರದು" ಎಂದರು ಭಾವ.

"ಕೈ ಹಾಕಲ್ಲ ದೊಡ್ಡ ತಾತ, ಕಣ್ಣು ಹಾಕೋಣ" ಎಂದಳು ಮೊಮ್ಮಗಳು.

"ಅದು ಇನ್ನೂ ಕೆಟ್ಟದ್ದು" ಎಂದು ಬೈದುಕೊಂಡೇ ಬಂದರು.

ಆ ಅಮಾವಾಸ್ಯೆಯ ಬೆಳಿಗ್ಗೆ ವೈರಿಂಗಿನವನನ್ನು ಕರೆಸಿ, ಟ್ರಾನ್ಸ್‌ಫಾರ್ಮರಿನಿಂದ ಶೆಡ್ಡುಗಳಿಗೆ ಹೋಗುವ ದೊಡ್ಡ ಸ್ವಿಚ್ಚನ್ನು ಇಳಿಸಲಾಯಿತು. ಇನ್ನು ಯಾರ ಶೆಡ್ಡಿಗೂ ಒಂದು ತೊಟ್ಟು ಕರೆಂಟು ಹೋಗುವಂತಿಲ್ಲ. ಆ ಸ್ವಿಚ್ಚಿನ ಪೆಟ್ಟಿಗೆಗೆ ಮೊಮ್ಮಗಳು ಭಾವನ ಕೈಯಿಂದಲೇ ಬೀಗ ಹಾಕಿಸಿದಳು. ಬೀಗದ ಕೈ ಅವರ ಪಂಚೆಯ ಗಂಟಿಗೆ ಹೋಯಿತು. ದೊಡ್ಡ ಮೀಟರಿನ ಅಂಕಿಯನ್ನು ಅವರೇ ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದರು.

ಅವತ್ತು ಹಿರಿಯರಿಗೆ ಎಡೆ ಇಡುವ ದಿನ. ನಮ್ಮವರಿಗೆ ಇಷ್ಟವಾದ ಬದನೆಕಾಯಿ ಪಲ್ಯ ಮಾಡಿ, ಕಾಗೆಗೆ ಅನ್ನ ಇಟ್ಟೆ. ಕಾಗೆ ಬೇಗ ಬಂತು. ಬೇರೆ ದಿನ ಕರೆದು ಕರೆದು ಗಂಟಲು ನೋಯುತ್ತದೆ. ನಾನು ಅದಕ್ಕೆ ಏನೂ ಅರ್ಥ ಹೇಳುವುದಿಲ್ಲ, ಬಂತು ಎಂದಷ್ಟೇ ಬರೆಯುತ್ತೇನೆ.

ಬಿಸಿಲು ಇಳಿಯುವಾಗ ಎಲ್ಲರೂ ಬೇಲಿಯ ಹತ್ತಿರ ಹೋದೆವು. ಮಗ್ಗದ ಸದ್ದಿಲ್ಲದ ಅಂಗಳದಲ್ಲಿ ಆ ಪೆಟ್ಟಿಗೆಯ ಗುಂಯ್ ಸದ್ದು ಮೊದಲ ಸಲ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಉಂಡು ಮಲಗಿದವರು ಗೊರಕೆ ಹೊಡೆದ ಹಾಗೆ. ಭಾವ ಕನ್ನಡಕ ಹಾಕಿಕೊಂಡು ಮೀಟರು ನೋಡಿದರು. ಗೋಡೆ ನೋಡಿದರು. ಮತ್ತೆ ಮೀಟರು ನೋಡಿದರು. ಅಂಕಿ ಮುಂದೆ ಹೋಗಿತ್ತು. ಪಂಚೆಯ ಗಂಟು ಬಿಚ್ಚಿ ಬೀಗ ತೆಗೆದು ನೋಡಿದರು. ಸ್ವಿಚ್ಚು ಇಳಿದೇ ಇತ್ತು.

"ಮೀಟರ್ ಕೆಟ್ಟಿದೆ" ಎಂದರು.

ಅಷ್ಟು ವರ್ಷ ತಮ್ಮನಿಗಿಂತ, ದೇವಿಗಿಂತ ಹೆಚ್ಚು ನಂಬಿದ್ದ ಮೀಟರು ಅದು. ಒಂದು ಗಳಿಗೆಯಲ್ಲಿ ಕೆಟ್ಟುಹೋಯಿತು.

ಮೈದುನ ಮೆಲ್ಲಗೆ ಅಂದರು: "ಮೀಟರ್ ನೆಟ್ಟಗಿದೆ ಅಣ್ಣ. ನಮ್ಮಲ್ಲಿ ನಾಲ್ಕನೇ ಪಾಲುದಾರ ಒಬ್ಬ ಇದ್ದ. ನೀವೇ ಲಾರಿಯಲ್ಲಿ ಕರೆತಂದವನು."

ನಾನು ಕಾದೆ. ಭಾವ ನನ್ನ ಕಡೆ ತಿರುಗಿ ಒಂದು ಮಾತು ಅನ್ನುತ್ತಾರೆ ಎಂದು ಸೆರಗು ಹೊದ್ದು ನಿಂತೇ ಇದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇದಕ್ಕೇನು ಮಾಡಬೇಕು?" ಎಂದು ಮೊಮ್ಮಗಳನ್ನು ಕೇಳಿದರು. ಕಬ್ಬಿಣಕ್ಕೆ ಮದ್ದು ಕೇಳಿದರೇ ಹೊರತು, ಮಣ್ಣಿಗೆ ಹೋದವರ ಮಾತು ಎತ್ತಲಿಲ್ಲ.

ನನ್ನ ಹುಡುಗಿ ಮದ್ದು ಹೇಳಿದಳು. ತಾನು ಇನ್ನೂ ಕಲಿಯುವವಳು, ಲೈಸೆನ್ಸ್ ಇರುವವರೇ ಇದನ್ನೆಲ್ಲ ಮಾಡಬೇಕು ಎಂದು ಮೊದಲೇ ಹೇಳಿ, ಅಂಥವರನ್ನು ಕರೆಸಿದಳು. ತಂತಿ ಸೇರುವ ಕಡೆ ಬೋಲ್ಟುಗಳು ಸಡಿಲವಾಗಿ ಸುಟ್ಟು ಕಪ್ಪಾಗಿದ್ದವು, ಅಲ್ಲೂ ಕರೆಂಟು ಬಿಸಿಯಾಗಿ ಹೋಗುತ್ತಿತ್ತು. ಉಜ್ಜಿ ಬಿಗಿ ಮಾಡಿದರು. ಮೂರು ಫೇಸುಗಳಲ್ಲಿ ಒಂದರ ಮೇಲೆಯೇ ಭಾರವೆಲ್ಲ ಬಿದ್ದಿತ್ತು. ಹೆಚ್ಚು ಭಾರ ಹಾಕಿದ್ದವರು ಭಾವನೇ, ಅವರ ಶೆಡ್ಡಿನ ದೀಪ, ಫ್ಯಾನು, ಆಫೀಸು ರೂಮಿನ ಏ.ಸಿ. ಎಲ್ಲ ಒಂದೇ ತಂತಿಯಲ್ಲಿದ್ದವು. ಮೂರಕ್ಕೂ ಹಂಚಿದರು. ಮೋಟಾರುಗಳು ಸುಮ್ಮನೆ ಎಳೆದುಕೊಳ್ಳುವ ಕರೆಂಟು ತಗ್ಗಿಸುವ ಕೆಪಾಸಿಟರುಗಳು ಸತ್ತು ಎಷ್ಟೋ ಕಾಲವಾಗಿತ್ತು, ಬದಲಾಯಿಸಿದರು. ಇಷ್ಟರಿಂದ ಬಿಸಿಯ ನಷ್ಟ ಇಳಿಯುತ್ತದೆ, ಆದರೆ ಗುಂಯ್ ಎನ್ನುವ ನಷ್ಟ ಇಳಿಯಬೇಕಾದರೆ ಪೆಟ್ಟಿಗೆಯೇ ಬದಲಾಗಬೇಕು, ಈಗ ಉಳಿದ ಮಗ್ಗಗಳಿಗೆ ತಕ್ಕಷ್ಟು ಚಿಕ್ಕದು ಸಾಕು ಎಂದಳು. ಈಗಿನವುಗಳಲ್ಲಿ ಕಬ್ಬಿಣದ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿರುತ್ತದಂತೆ. ತೆಳುವಾದಷ್ಟೂ ಅದರೊಳಗೆ ಕರೆಂಟು ಸುಮ್ಮನೆ ಸುತ್ತುವುದು ಕಡಿಮೆ. ಕೇಳಲು ಚೆಂದವಾಗಿತ್ತು. ಇವಳು ಹೇಳುತ್ತಿದ್ದರೆ ದೊಡ್ಡ ದೊಡ್ಡ ಗಂಡಸರು ತಲೆಯಾಡಿಸುತ್ತಿದ್ದರು. ನಾನು ಹಿಗ್ಗಿ ಒಳಗೆ ಹೋಗಿ ಅವಳಿಗೆ ದೃಷ್ಟಿ ತೆಗೆದೆ. ಉಪ್ಪು, ಮೆಣಸಿನಕಾಯಿ ಒಲೆಗೆ ಹಾಕುವಾಗ ಕಣ್ಣೀರು ಬಂತು. ಘಾಟಿಗೆ ಎಂದುಕೊಂಡರು, ಒಳ್ಳೆಯದಾಯಿತು.

ಹಳೆಯದನ್ನು ಲಾರಿ ಹತ್ತಿಸಿದ ದಿನ ಭಾವ ಹೊರಗೆ ಬರಲಿಲ್ಲ. ಹೊಸದಕ್ಕೆ ಕರೆಂಟು ಕೊಡುವ ದಿನ ದಾಯಾದಿಗಳನ್ನೆಲ್ಲ ಊಟಕ್ಕೆ ಕರೆದರು. ಗುಡಿಯಲ್ಲಿ ಕರ್ಪೂರ ಆರಿಸಿದ್ದನ್ನು ನೋಡಿದವರಲ್ಲಿ ಉಳಿದವರೆಲ್ಲ ಬಂದಿದ್ದರು. ಕುಡಿ ಬಾಳೆಲೆ, ಒಬ್ಬಟ್ಟು. ನಾನೇ ಬಡಿಸುತ್ತಿದ್ದೆ. ಧಾರಾಪುರಂ ಕಡೆಯಿಂದ ಬಂದಿದ್ದ ಒಬ್ಬ ಮುದುಕ, ದೂರದ ಸಂಬಂಧ, ಕೇಳಿದ: "ಚೆನ್ನಾಗಿ ಇದ್ದಿದ್ದನ್ನ ಯಾಕೆ ತೆಗೆದ್ರಿ?"

"ಕರೆಂಟು ಜಾಸ್ತಿ ತಿಂತಿತ್ತು" ಎಂದರು ಭಾವ, ಅನ್ನ ಕಲಸುತ್ತಾ.

"ಅದಾ? ನಿಮ್ಮ ತಮ್ಮ ತಿಂತಾನೆ ಅಂತ ಅಲ್ವಾ ಆವಾಗ ಹೇಳಿದ್ದು?"

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಭಾವ ಸಾರಿನ ಕಡೆ ನೋಡಿದರು. ಕಿವಿ ಕೇಳದವರ ಮುಖ ಮಾಡಿಕೊಂಡರು. ಆ ಮುಖ ನನಗೆ ಗೊತ್ತು. ಅಲ್ಲಿಗೆ ಮುಗಿಯಿತು, ಇದೂ ಹೋಯಿತು ಅಂದುಕೊಂಡು ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಮುಂದೆ ಸರಿದೆ. ನೀರು ಬಡಿಸುತ್ತಿದ್ದ ಮೊಮ್ಮಗಳು ಚೊಂಬು ಕೆಳಗಿಟ್ಟು, ಅವರ ಒಳ್ಳೆಯ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ದೊಡ್ಡ ತಾತ, ಕೇಳ್ತಿದ್ದಾರೆ. ಕರೆಂಟು ತಿಂದಿದ್ದು ನಮ್ಮ ತಾತನಾ ಅಂತ."

ಭಾವ ಅನ್ನದಿಂದ ಕೈ ತೆಗೆದರು.

"ಇಲ್ಲ" ಎಂದರು.

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ತಮ್ಮ ಎನ್ನಲಿಲ್ಲ, ನನ್ನ ಮುಖ ನೋಡಲಿಲ್ಲ. ಅಂಗೈ ಸುಟ್ಟ ಮನುಷ್ಯನಿಗೆ ಈ ಎರಡು ಅಕ್ಷರ ಬದುಕಿದ್ದಾಗ ಸಿಕ್ಕಿದ್ದರೆ ಇನ್ನೊಂದಿಷ್ಟು ದಿನ ಅನ್ನ ರುಚಿಯಾಗುತ್ತಿತ್ತು. ಸಿಗಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ನನಗಿಲ್ಲ. ಆದರೂ ಪಂಕ್ತಿಯಲ್ಲಿ ಹಿಂದಕ್ಕೆ ಬಂದು ಅವರ ಎಲೆಗೆ ಒಂದು ಒಬ್ಬಟ್ಟು ಹಾಕಿದೆ, ಮೇಲೆ ತುಪ್ಪ ಬಿಟ್ಟೆ. ಬೇಡ ಎನ್ನಲಿಲ್ಲ.

ಈಗ ಅಮಾವಾಸ್ಯೆ ಬಂದರೆ ಕಾಗೆಗೆ ಅನ್ನ ಇಟ್ಟು ನಾನು ನೇರ ಬೇಲಿಯ ಹತ್ತಿರ ಹೋಗುತ್ತೇನೆ. ಅಂಕಿ ಓದಲು ನಾಲ್ಕನೇ ಕ್ಲಾಸು ಸಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೊಸ ಪೆಟ್ಟಿಗೆಯೂ ತಿನ್ನುತ್ತದೆ. ಸ್ವಲ್ಪವೇ ತಿನ್ನುತ್ತದೆ. ಅದನ್ನು ಮೂವರ ಪಾಲಿಗೂ ಸಮ ಹಂಚಿ ಬರೆಯುತ್ತೇವೆ. ನೋಡಿ ಬಂದು ಕಾಲೇಜಿಗೆ ಫೋನು ಮಾಡಿ ಹೇಳಿದರೆ, "ಸರಿಯಾಗಿದೆ ಅಜ್ಜಿ" ಎನ್ನುತ್ತಾಳೆ. ಆಮೇಲೆ ಗೋಡೆಯ ಮೇಲಿರುವ ನಮ್ಮವರ ಫೋಟೋಗೆ ಹೂ ಮುಡಿಸುವಾಗ ನಾನೂ ಅದನ್ನೇ ಹೇಳುತ್ತೇನೆ.